ತೀರ್ಪು ಕೈಗೆ ಬಂತು, ಓದುವುದು ಹೇಗೆ? ಕೋರ್ಟಿನ ಪದಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕೋರ್ಟಿನ ತೀರ್ಪು ಕೈಗೆ ಬಂದಾಗ ಕೆಲವರು ಮೊದಲ ಪುಟದಿಂದ ಓದಲು ಕೂತು ಮೂರನೇ ಪುಟಕ್ಕೆ ಕೈಬಿಡುತ್ತಾರೆ. ಉಳಿದವರು ವಕೀಲರಿಗೆ ಫೋನ್ ಮಾಡಿ "ಸಾರ್, ಗೆದ್ವೋ ಸೋತ್ವೋ?" ಅಂತ ಕೇಳುತ್ತಾರೆ. ಉತ್ತರ ಸಿಗುತ್ತದೆ, ಆದರೆ ಅದು ಅರ್ಧ ಉತ್ತರ. ಗೆದ್ದವರಿಗೂ ಮುಂದೆ ಮಾಡಬೇಕಾದ ಕೆಲಸ ಇರುತ್ತದೆ. ಸೋತವರಿಗೂ ದಾರಿ ಇರುತ್ತದೆ. ಇಬ್ಬರಿಗೂ ದಿನಗಳ ಲೆಕ್ಕ ಆಗಲೇ ಶುರುವಾಗಿರುತ್ತದೆ.

ತೀರ್ಪಿನ ಪದಗಳಿಗೆ ನಿಘಂಟಿನಲ್ಲಿ ಅರ್ಥ ಹುಡುಕಿದರೆ ಜಾಸ್ತಿ ಪ್ರಯೋಜನವಿಲ್ಲ ಎಂದು ನನ್ನ ಅಭಿಪ್ರಾಯ. "ವಜಾ" ಎಂದರೆ ತಿರಸ್ಕಾರ ಅಂತ ಗೊತ್ತಾದ ಮಾತ್ರಕ್ಕೆ ಏನು ಸಿಕ್ಕಿತು? ವಜಾ ಆಗಿದ್ದು ನಿಮ್ಮ ಅರ್ಜಿಯೋ, ಎದುರಿನವರದೋ ಎಂದು ತಿಳಿದರೆ ತಾನೇ ಉಪಯೋಗ? ಹಾಗಾಗಿ ಪ್ರತಿ ಪದ ಕಂಡಾಗಲೂ ಕೇಳಿಕೊಳ್ಳಬೇಕಾದದ್ದು ಇಷ್ಟು: ಇದನ್ನು ಬೇಡಿದ್ದು ಯಾರು, ಇದರಿಂದ ಈಗ ಏನು ಬದಲಾಯಿತು, ಪ್ರಶ್ನಿಸುವುದಾದರೆ ಎಷ್ಟು ದಿನ ಇದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ತಂದೆ ತೀರಿಕೊಂಡಿದ್ದಾರೆ. ಮೂರು ಎಕರೆ ಹೊಲ, ಊರಲ್ಲಿ ಒಂದು ಮನೆ. ಅಕ್ಕ ತನ್ನ ಪಾಲು ಕೇಳಿ ತಮ್ಮನ ಮೇಲೆ ತಾಲ್ಲೂಕಿನ ಕೋರ್ಟಿನಲ್ಲಿ ದಾವೆ ಹೂಡಿದ್ದಾಳೆ. ಕರ್ನಾಟಕದ ಸಿವಿಲ್ ಕೋರ್ಟುಗಳಲ್ಲಿ ಇಂಥ ದಾವೆಗಳಿಗೆ ಬರವಿಲ್ಲ.

ಹೆಜ್ಜೆ 1: ಸರಿಯಾದ ಪ್ರತಿ ತೆಗೆದುಕೊಳ್ಳಿ

ಓದಿ ತಿಳಿದುಕೊಳ್ಳಲು ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿಕೊಂಡ ಪಿಡಿಎಫ್ ಸಾಕು. ಪ್ರತಿ ಪ್ರಕರಣಕ್ಕೂ 16 ಅಕ್ಷರ ಮತ್ತು ಅಂಕಿಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಹಾಕಿದರೆ ಪ್ರಕರಣದ ದಿನಾಂಕಗಳು, ಆದೇಶಗಳು ಸಿಗುತ್ತವೆ. ಆದರೆ ಮೇಲ್ಮನವಿ ಹಾಕಲು, ಕಂದಾಯ ಇಲಾಖೆಯಲ್ಲಿ ಖಾತೆ ಬದಲಿಸಲು ಈ ಪಿಡಿಎಫ್ ನಡೆಯುವುದಿಲ್ಲ. ಅದಕ್ಕೆ ದೃಢೀಕೃತ ನಕಲು, ಅಂದರೆ ಸರ್ಟಿಫೈಡ್ ಕಾಪಿ ಬೇಕು.

ನಕಲಿಗೆ ಅರ್ಜಿಯನ್ನು ತೀರ್ಪು ಬಂದ ದಿನವೇ ಅಥವಾ ಮಾರನೆಯ ದಿನವೇ ಹಾಕಿಬಿಡಿ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಪ್ರಕಾರ ನಕಲು ಪಡೆಯಲು ಹಿಡಿದ ದಿನಗಳನ್ನು ಮೇಲ್ಮನವಿಯ ಅವಧಿಯಿಂದ ಕಳೆಯುತ್ತಾರೆ. ಆದರೆ ಅರ್ಜಿ ಹಾಕದೆ ಸುಮ್ನೆ ಕೂತ ದಿನಗಳನ್ನು ಕಳೆಯುವುದಿಲ್ಲ. ನಕಲಿನ ಕೊನೆಯ ಪುಟದಲ್ಲಿ ಅರ್ಜಿ ಕೊಟ್ಟ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂದು ಒಂದು ಮೊಹರು ಇರುತ್ತದೆ. ಯಾರೂ ನೋಡದ ಈ ಪುಟವೇ ಮುಂದೆ ಲೆಕ್ಕಕ್ಕೆ ಬರುವುದು.

ಸಿವಿಲ್ ಪ್ರಕರಣದಲ್ಲಿ ಎರಡು ನಕಲು ಬೇಕು: ತೀರ್ಪು ಮತ್ತು ಡಿಕ್ರಿ. ತೀರ್ಪು ಎಂದರೆ ನ್ಯಾಯಾಧೀಶರು ಕಾರಣಗಳ ಸಮೇತ ಬರೆದದ್ದು. ಡಿಕ್ರಿ ಎಂದರೆ ಅದರಿಂದ ಹೊರಬಂದ ಫಲಿತಾಂಶ: ಯಾರಿಗೆ ಏನು, ಎಷ್ಟು, ಖರ್ಚು ಯಾರದು. ಜಾರಿಯಾಗುವುದು ಡಿಕ್ರಿ. ಕ್ರಿಮಿನಲ್ ಪ್ರಕರಣದಲ್ಲಿ ಡಿಕ್ರಿ ಇರುವುದಿಲ್ಲ. ಅಲ್ಲಿ ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟೇ ಉಚಿತವಾಗಿ ಕೊಡಬೇಕು. ಕೇಳಿ ಪಡೆಯಿರಿ.

ಹೆಜ್ಜೆ 2: ಮೊದಲ ಪುಟದಲ್ಲಿ ಹತ್ತು ನಿಮಿಷ ನಿಲ್ಲಿ

ಮೊದಲ ಪುಟವನ್ನು ಎಲ್ಲರೂ ಹಾರಿಸಿ ಹೋಗುತ್ತಾರೆ. ಅಲ್ಲಿರುವ ಎರಡು ಮೂರು ಅಕ್ಷರಗಳಲ್ಲೇ ಪ್ರಕರಣದ ಜಾತಕ ಇದೆ. ಓ.ಎಸ್. ಎಂದರೆ ಮೂಲ ದಾವೆ, ಕೆಳ ಕೋರ್ಟಿನಲ್ಲಿ ಮೊದಲ ಸಲ ಹೂಡಿದ್ದು. ಆರ್.ಎ. ಎಂದರೆ ಅದರ ಮೇಲೆ ತಾಲ್ಲೂಕು ಅಥವಾ ಜಿಲ್ಲಾ ಮಟ್ಟದ ಮೇಲಿನ ಕೋರ್ಟಿಗೆ ಹೋದ ಮೇಲ್ಮನವಿ. ಆರ್.ಎಫ್.ಎ. ಎಂದರೆ ಹೈಕೋರ್ಟಿಗೆ ನೇರ ಹೋದ ಮೊದಲ ಮೇಲ್ಮನವಿ, ಆರ್.ಎಸ್.ಎ. ಎಂದರೆ ಅಲ್ಲಿಗೆ ಹೋದ ಎರಡನೇ ಮೇಲ್ಮನವಿ. ಎಂ.ಎಫ್.ಎ. ಸಾಮಾನ್ಯವಾಗಿ ಅಪಘಾತ ಪರಿಹಾರದಂಥ ವಿಷಯದ್ದು. ಡಬ್ಲ್ಯೂ.ಪಿ. ರಿಟ್ ಅರ್ಜಿ, ಸಾಮಾನ್ಯವಾಗಿ ಸರ್ಕಾರ ಅಥವಾ ಅಧಿಕಾರಿಗಳ ವಿರುದ್ಧ ಹೈಕೋರ್ಟಿಗೆ ಹಾಕುವುದು. ಸಿ.ಸಿ. ಮ್ಯಾಜಿಸ್ಟ್ರೇಟರ ಮುಂದಿನ ಕ್ರಿಮಿನಲ್ ಕೇಸು, ಎಸ್.ಸಿ. ಸೆಷನ್ಸ್ ಕೇಸು. ಐ.ಎ. ಎಂದರೆ ನಡೆಯುತ್ತಿರುವ ಕೇಸಿನೊಳಗೆ ಹಾಕಿದ ಮಧ್ಯಂತರ ಅರ್ಜಿ. ಐ.ಎ. ಮೇಲಿನ ಆದೇಶ ಬಂದರೆ ಕೇಸು ಮುಗಿಯಿತು ಅಂತ ತಿಳಿಯಬೇಡಿ.

ಆರ್.ಎಫ್.ಎ. ಮತ್ತು ಆರ್.ಎಸ್.ಎ. ನಡುವಿನ ವ್ಯತ್ಯಾಸ ದೊಡ್ಡದು. ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೆ ತೂಗುತ್ತಾರೆ. ಎರಡನೆಯದರಲ್ಲಿ ಹಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ ಅಲ್ಲಿ ಗಣನೀಯವಾದ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ ವಿಚಾರಣೆ. "ಎರಡೂ ನ್ಯಾಯಾಲಯಗಳ ಏಕರೂಪದ ನಿರ್ಣಯದಲ್ಲಿ ಮಧ್ಯಪ್ರವೇಶಿಸಲು ಕಾರಣವಿಲ್ಲ" ಎಂಬ ಸಾಲು ಆರ್.ಎಸ್.ಎ. ತೀರ್ಪುಗಳಲ್ಲಿ ಪದೇ ಪದೇ ಬರುವುದು ಇದಕ್ಕೇ. ಕೆಳಗಿನ ಇಬ್ಬರೂ ನ್ಯಾಯಾಧೀಶರು ಸಾಕ್ಷ್ಯ ನೋಡಿ ಒಂದೇ ಮಾತು ಹೇಳಿದ್ದಾರೆ, ಹೈಕೋರ್ಟ್ ಅದನ್ನು ಮತ್ತೆ ಕೆದಕುವುದಿಲ್ಲ ಎಂದರ್ಥ.

ಆಮೇಲೆ ಹೆಸರುಗಳು. ಇಲ್ಲಿ ಒಂದು ಖಾಲಿ ಹಾಳೆ ತೆಗೆದುಕೊಂಡು ಪಟ್ಟಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅಕ್ಕ ವಾದಿ, ತಮ್ಮ ಪ್ರತಿವಾದಿ. ತಮ್ಮ ಸೋತು ಮೇಲೆ ಹೋದರೆ ಅವನು ಮೇಲ್ಮನವಿದಾರ, ಅಕ್ಕ ಪ್ರತ್ಯರ್ಥಿ ಅಥವಾ ಎದುರುದಾರಳು. ಅಂದರೆ ಹೆಸರು ಅದೇ, ಹಣೆಪಟ್ಟಿ ಬೇರೆ. ಗೊಂದಲ ಆಗದಿರಲಿ ಎಂದು ಅನೇಕ ತೀರ್ಪುಗಳಲ್ಲಿ "ಪಕ್ಷಕಾರರನ್ನು ವಿಚಾರಣಾ ನ್ಯಾಯಾಲಯದಲ್ಲಿ ಇದ್ದ ಸ್ಥಾನದಿಂದಲೇ ಕರೆಯಲಾಗಿದೆ" ಎಂಬ ಸಾಲು ಇರುತ್ತದೆ. ಆ ಸಾಲು ಕಂಡರೆ ಹೈಕೋರ್ಟಿನ ತೀರ್ಪಿನಲ್ಲೂ "ವಾದಿ" ಎಂದರೆ ಅಕ್ಕನೇ. ಕಾಣದಿದ್ದರೆ ನಿಮ್ಮ ಪಟ್ಟಿಯೇ ಗತಿ.

"ಮೃತರಾದ ಕಾರಣ ಅವರ ಕಾನೂನುಬದ್ಧ ವಾರಸುದಾರರು" ಎಂದಿದ್ದರೆ ಮೂಲ ಪಕ್ಷಕಾರರು ತೀರಿಕೊಂಡು ಮಕ್ಕಳು, ಹೆಂಡತಿ ಅವರ ಜಾಗಕ್ಕೆ ಬಂದಿದ್ದಾರೆ. ಮೃತರ ಜಾಗಕ್ಕೆ ವಾರಸುದಾರರನ್ನು ಸಮಯಕ್ಕೆ ತರದಿದ್ದರೆ ಕೇಸು ಅವರ ಮಟ್ಟಿಗೆ ಅಬೇಟ್ ಆಗುತ್ತದೆ, ಅಂದರೆ ತಾನಾಗಿ ನಿಂತುಹೋಗುತ್ತದೆ. ಹಳ್ಳಿಯ ಜಮೀನು ಕೇಸುಗಳಲ್ಲಿ ಇದು ಬಹಳ ಸಲ ಪೆಟ್ಟು ಕೊಡುತ್ತದೆ.

ಹೆಜ್ಜೆ 3: ಈಗ ನೇರ ಕೊನೆಗೆ ಹೋಗಿ

ತೀರ್ಪನ್ನು ಕೊನೆಯಿಂದ ಓದಿದರೆ ತಪ್ಪೇನಿಲ್ಲ. ಹಾಗೇ ಓದಬೇಕು. ಕೊನೆಯಲ್ಲಿ "ಆದೇಶ" ಎಂಬ ತಲೆಬರಹದ ಕೆಳಗೆ ನಾಲ್ಕಾರು ಸಾಲು ಇರುತ್ತದೆ. ಕೋರ್ಟು ನಿಜವಾಗಿ ಕೊಟ್ಟದ್ದು ಅಷ್ಟೇ. ನಡುವಿನ ನಲವತ್ತು ಪುಟದಲ್ಲಿ ನಿಮ್ಮ ಬಗ್ಗೆ ಎಷ್ಟೇ ಒಳ್ಳೆಯ ಮಾತು ಬರೆದಿದ್ದರೂ ಈ ಸಾಲುಗಳಲ್ಲಿ ಇಲ್ಲದ್ದು ನಿಮಗೆ ಸಿಕ್ಕಿಲ್ಲ.

ಅಲ್ಲಿ ಸಿಗುವ ಪದಗಳನ್ನು ಒಂದೊಂದಾಗಿ ನೋಡೋಣ.

ಡಿಕ್ರಿ ಮಾಡಲಾಗಿದೆ: ದಾವೆ ಹೂಡಿದವರು ಕೇಳಿದ್ದು ಸಿಕ್ಕಿದೆ. "ಭಾಗಶಃ ಡಿಕ್ರಿ" ಎಂದರೆ ಕೇಳಿದ್ದರಲ್ಲಿ ಸ್ವಲ್ಪ ಸಿಕ್ಕಿದೆ, ಉಳಿದದ್ದು ತಿರಸ್ಕಾರವಾಗಿದೆ. ಅಕ್ಕನಿಗೆ ಹೊಲದಲ್ಲಿ ಪಾಲು ಸಿಕ್ಕಿ, ಮನೆ ತಮ್ಮನ ಸ್ವಯಾರ್ಜಿತ ಎಂದು ತೀರ್ಮಾನವಾದರೆ ಅದು ಭಾಗಶಃ ಡಿಕ್ರಿ. ಆಗ ಇಬ್ಬರೂ ಮೇಲ್ಮನವಿ ಹಾಕಬಹುದು, ತಮ್ಮನು ಹೊಲಕ್ಕಾಗಿ, ಅಕ್ಕ ಮನೆಗಾಗಿ.

ಮೇಲ್ಮನವಿ ಪುರಸ್ಕರಿಸಲಾಗಿದೆ, ಅಥವಾ ಅಲೋಡ್: ಮೇಲ್ಮನವಿ ಹಾಕಿದವರು ಗೆದ್ದರು. ಇದರ ಜೊತೆ ಕೆಳ ಕೋರ್ಟಿನ ತೀರ್ಪನ್ನು "ರದ್ದುಪಡಿಸಲಾಗಿದೆ" ಎಂದು ಸಾಮಾನ್ಯವಾಗಿ ಇರುತ್ತದೆ. "ಮಾರ್ಪಡಿಸಲಾಗಿದೆ" ಎಂದಿದ್ದರೆ ಪೂರ್ತಿ ರದ್ದಾಗಿಲ್ಲ, ತಿದ್ದಿದ್ದಾರೆ.

ವಜಾ ಮಾಡಲಾಗಿದೆ: ಈ ಪದದ ಹಿಂದೆ ಮುಂದೆ ಏನಿದೆ ಎಂದು ನೋಡದೆ ಬಿಡಬೇಡಿ. ವಾದ ಕೇಳಿ, ಸಾಕ್ಷ್ಯ ನೋಡಿ ವಜಾ ಮಾಡಿದ್ದರೆ ಅದೇ ವಿಷಯಕ್ಕೆ ಮತ್ತೆ ದಾವೆ ಹೂಡುವಂತಿಲ್ಲ. ಇದಕ್ಕೆ ರೆಸ್ ಜುಡಿಕೇಟಾ ಎನ್ನುತ್ತಾರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಂ. "ಗೈರುಹಾಜರಿಗಾಗಿ ವಜಾ" ಎಂದಿದ್ದರೆ ಕಥೆ ಬೇರೆ. ಕರೆದ ದಿನ ವಾದಿಯೂ ಇರಲಿಲ್ಲ, ವಕೀಲರೂ ಇರಲಿಲ್ಲ. ಇಂಥ ದಾವೆಯನ್ನು ಮತ್ತೆ ಕಡತಕ್ಕೆ ತೆಗೆದುಕೊಳ್ಳಿ ಎಂದು 30 ದಿನದೊಳಗೆ ಅರ್ಜಿ ಹಾಕಬಹುದು. ಗೈರಿಗೆ ಸರಿಯಾದ ಕಾರಣ ತೋರಿಸಬೇಕು. "ಹಿಂಪಡೆದ ಕಾರಣ ವಜಾ, ಹೊಸದಾಗಿ ಹೂಡಲು ಅವಕಾಶ ಕಾಯ್ದಿರಿಸಲಾಗಿದೆ" ಎಂದಿದ್ದರೆ ಮತ್ತೆ ಹೂಡಬಹುದು. ಆ ಅವಕಾಶದ ಸಾಲು ಇಲ್ಲದೆ ದಾವೆ ಹಿಂಪಡೆದಿದ್ದರೆ ಅದೇ ಕಾರಣಕ್ಕೆ ಮತ್ತೆ ಬರುವಂತಿಲ್ಲ. ಒಂದು ಸಾಲಿನ ಬೆಲೆ ಅಷ್ಟು.

ವಾದಪತ್ರ ತಿರಸ್ಕರಿಸಲಾಗಿದೆ: ಇದು ವಜಾ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7 ನಿಯಮ 11ರ ಅಡಿಯಲ್ಲಿ ವಾದಪತ್ರವನ್ನು, ಅಂದರೆ ದಾವೆ ಹೂಡಲು ವಾದಿ ಕೊಟ್ಟ ಪತ್ರವನ್ನು, ಬಾಗಿಲಲ್ಲೇ ತಡೆದಿದ್ದಾರೆ. ದಾವೆಗೆ ಕಾರಣವೇ ಕಾಣುತ್ತಿಲ್ಲ, ಅಥವಾ ಕೋರ್ಟ್ ಶುಲ್ಕ ಸಾಲದು, ಅಥವಾ ಕಾಲಮಿತಿ ಮೀರಿರುವುದು ಮೇಲ್ನೋಟಕ್ಕೇ ಗೊತ್ತಾಗುತ್ತಿದೆ. ಲೋಪ ಸರಿಪಡಿಸಿ, ಕಾಲಮಿತಿ ಉಳಿದಿದ್ದರೆ ಹೊಸ ದಾವೆ ಹೂಡಬಹುದು.

ಹಿಂದಿರುಗಿಸಲಾಗಿದೆ, ಅಥವಾ ರಿಮ್ಯಾಂಡ್: ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಕೆಳ ಕೋರ್ಟು ಮತ್ತೆ ವಿಚಾರಣೆ ಮಾಡಬೇಕು. ಯಾವ ವಿವಾದಾಂಶದ (ಕೋರ್ಟು ಎತ್ತಿಕೊಂಡ ಪ್ರಶ್ನೆಯ) ಮೇಲೆ, ಹೊಸ ಸಾಕ್ಷ್ಯಕ್ಕೆ ಅವಕಾಶ ಇದೆಯೋ ಇಲ್ಲವೋ, ಎಂದು ಹಾಜರಾಗಬೇಕು ಎನ್ನುವುದನ್ನು ಅಲ್ಲೇ ಬರೆದಿರುತ್ತಾರೆ. ಹಾಜರಾಗುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇರೆ ನೋಟಿಸಿಗೆ ಕಾಯದೆ ಬನ್ನಿ ಎಂದು ಬಹಳ ಸಲ ಹೇಳಿರುತ್ತಾರೆ.

ವಿಲೇವಾರಿ ಮಾಡಲಾಗಿದೆ, ಅಥವಾ ಡಿಸ್ಪೋಸ್ಡ್ ಆಫ್: ಜನ ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ. ಅದರಲ್ಲೂ ರಿಟ್ ಅರ್ಜಿಗಳಲ್ಲಿ. "ಅರ್ಜಿದಾರರ ಮನವಿಯನ್ನು ಎಂಟು ವಾರಗಳೊಳಗೆ ಕಾನೂನಿನ ಪ್ರಕಾರ ಪರಿಗಣಿಸಲು ತಹಶೀಲ್ದಾರರಿಗೆ ನಿರ್ದೇಶನ" ಎಂಬ ಆದೇಶ ಬಂದಾಗ ಊರಲ್ಲಿ ಸಿಹಿ ಹಂಚಿದವರನ್ನು ಕಂಡಿದ್ದೇನೆ. ಪರಿಗಣಿಸಿ ಎಂದರೆ ಕೊಡಿ ಎಂದಲ್ಲ. ತಹಶೀಲ್ದಾರರು ಪರಿಗಣಿಸಿ, ಕಾರಣ ಬರೆದು, ಆಗುವುದಿಲ್ಲ ಎಂದರೂ ಆದೇಶ ಪಾಲನೆಯಾದಂತೆಯೇ. ಕೋರ್ಟು ಹಕ್ಕಿನ ಬಗ್ಗೆ ಏನೂ ಹೇಳಿಲ್ಲ. "ಎಲ್ಲ ವಾದಗಳನ್ನೂ ಮುಕ್ತವಾಗಿ ಇಡಲಾಗಿದೆ" ಎಂಬ ಸಾಲು ಜೊತೆಗಿದ್ದರೆ ಅದರ ಅರ್ಥವೂ ಇದೇ.

ನಿಷ್ಫಲವಾದ ಕಾರಣ ವಜಾ, ಅಥವಾ ಇನ್‌ಫ್ರಕ್ಚುಯಸ್: ಕೇಳಿದ್ದಕ್ಕೆ ಈಗ ಅರ್ಥವೇ ಉಳಿದಿಲ್ಲ. ಹರಾಜು ತಡೆಯಿರಿ ಎಂದು ಅರ್ಜಿ ಹಾಕಿದ್ದಿರಿ, ಅಷ್ಟರಲ್ಲಿ ಹರಾಜೇ ರದ್ದಾಯಿತು ಎನ್ನಿ.

ಖರ್ಚಿನ ಸಾಲನ್ನೂ ನೋಡಿ. "ಖರ್ಚು ಸಹಿತ" ಎಂದರೆ ಸೋತವರು ಗೆದ್ದವರ ಕೋರ್ಟ್ ಖರ್ಚು ಕೊಡಬೇಕು. "ಪಕ್ಷಕಾರರು ತಮ್ಮ ತಮ್ಮ ಖರ್ಚು ಭರಿಸತಕ್ಕದ್ದು" ಎನ್ನುವುದು, ವಿಶೇಷವಾಗಿ ಅಣ್ಣತಮ್ಮಂದಿರ ಕೇಸುಗಳಲ್ಲಿ, ಹೆಚ್ಚು ಕಾಣುವ ಸಾಲು.

ಹೆಜ್ಜೆ 4: ನಡುವಿನ ಪುಟಗಳಲ್ಲಿ ಮಾತಾಡುತ್ತಿರುವುದು ಯಾರು?

ಈಗ ಹಿಂದಕ್ಕೆ ಬನ್ನಿ. ಸಿವಿಲ್ ತೀರ್ಪಿನ ಒಡಲು ಬಹುತೇಕ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ವಾದಿ ಹೇಳಿದ್ದು, ಆಮೇಲೆ ಪ್ರತಿವಾದಿಯ ಲಿಖಿತ ಹೇಳಿಕೆ (ಹಳೆಯ ಕಾಗದಗಳಲ್ಲಿ ಕೈಫಿಯತ್ತು), ಅದರ ಮೇಲೆ ಕೋರ್ಟು ಎತ್ತಿದ ವಿವಾದಾಂಶಗಳು, ಸಾಕ್ಷ್ಯ, ಕಾರಣಗಳು, ಕೊನೆಗೆ ಆದೇಶ.

ಮೊದಲ ಹತ್ತು ಪುಟ ಓದಿ "ಜಡ್ಜ್ ನಮ್ಮ ಕಡೆಗೇ ಬರೆದಿದ್ದಾರೆ" ಎಂದು ಖುಷಿಪಡುವವರಿದ್ದಾರೆ. ಅಲ್ಲಿ ಬರೆದಿರುವುದು ಜಡ್ಜ್ ಮಾತಲ್ಲ, ನಿಮ್ಮದೇ ಮಾತು. ನ್ಯಾಯಾಧೀಶರು ಅದನ್ನು ದಾಖಲಿಸಿದ್ದಾರೆ ಅಷ್ಟೇ. ವ್ಯತ್ಯಾಸ ಹಿಡಿಯಲು ಕ್ರಿಯಾಪದ ನೋಡಿ. "ವಾದಿಸಿದ್ದಾರೆ", "ಹೇಳಿಕೊಂಡಿದ್ದಾರೆ", "ಎಂಬುದು ವಾದಿಯ ಪ್ರಕರಣ" ಎಂದರೆ ಪಕ್ಷಕಾರರ ಮಾತು. "ಕಂಡುಬರುತ್ತದೆ", "ರುಜುವಾತಾಗಿದೆ", "ಅಭಿಪ್ರಾಯಕ್ಕೆ ಬರಲಾಗಿದೆ" ಎಂದರೆ ಕೋರ್ಟಿನ ಮಾತು. ಪೆನ್ಸಿಲ್ ಹಿಡಿದು ಎರಡನ್ನೂ ಬೇರೆ ಬೇರೆ ಗುರುತು ಮಾಡುತ್ತಾ ಹೋದರೆ ನಲವತ್ತು ಪುಟದ ತೀರ್ಪಿನಲ್ಲಿ ಕೋರ್ಟಿನ ಮಾತು ಹತ್ತು ಹನ್ನೆರಡು ಪುಟಕ್ಕೆ ಇಳಿಯುವುದೂ ಉಂಟು.

"ಮೇಲ್ನೋಟಕ್ಕೆ" ಅಥವಾ ಪ್ರೈಮಾ ಫೇಸಿ ಎಂಬ ಪದ ಬಂದರೆ ಎಚ್ಚರ. ಅದು ಕೋರ್ಟಿನ ಮಾತು ಹೌದು, ಅಂತಿಮ ಮಾತಲ್ಲ. ಮಧ್ಯಂತರ ಆದೇಶದಲ್ಲಿ, ಜಾಮೀನು ಆದೇಶದಲ್ಲಿ ಹೀಗೆ ಹೇಳಿದ್ದನ್ನು ಅದೇ ಕೋರ್ಟು ವಿಚಾರಣೆಯ ನಂತರ ಬದಲಿಸಬಹುದು.

ವಿವಾದಾಂಶ ಎಂದರೆ ಕೋರ್ಟು ತನಗೆ ತಾನೇ ಹಾಕಿಕೊಂಡ ಪ್ರಶ್ನೆ. "ದಾವಾ ಷೆಡ್ಯೂಲ್ ಆಸ್ತಿಗಳು ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗಳೆಂದು ವಾದಿಯು ರುಜುವಾತುಪಡಿಸುತ್ತಾರೆಯೇ?" ಈ ವಾಕ್ಯದಲ್ಲಿ "ವಾದಿಯು" ಎಂಬುದೇ ಮುಖ್ಯ. ರುಜುವಾತಿನ ಭಾರ ಅವರ ಮೇಲಿದೆ. ಅವರು ಸಾಬೀತು ಮಾಡದಿದ್ದರೆ ಪ್ರತಿವಾದಿ ಏನೂ ಮಾಡದೆಯೂ ಆ ಅಂಶದಲ್ಲಿ ಗೆಲ್ಲಬಹುದು. ಕೆಳಗೆ ಉತ್ತರಗಳು ಇರುತ್ತವೆ: 1ನೇ ವಿವಾದಾಂಶ ಸಕಾರಾತ್ಮಕ, 2ನೆಯದು ನಕಾರಾತ್ಮಕ, 3ನೆಯದು ಭಾಗಶಃ ಸಕಾರಾತ್ಮಕ. ಎರಡನೇ ವಿವಾದಾಂಶವನ್ನು ರುಜುವಾತು ಮಾಡಬೇಕಿದ್ದವರು ಪ್ರತಿವಾದಿಯಾಗಿದ್ದರೆ "ನಕಾರಾತ್ಮಕ" ಎಂದರೆ ವಾದಿಗೆ ಲಾಭ. ಪ್ರಶ್ನೆಯನ್ನು ಓದದೆ ಉತ್ತರ ಓದಿದರೆ ಎಲ್ಲ ಉಲ್ಟಾ ಆಗುತ್ತದೆ.

ಸಾಕ್ಷ್ಯದ ಭಾಗದಲ್ಲಿ ಸಂಕೇತಗಳು ಜಾಸ್ತಿ. ಪಿ.ಡಬ್ಲ್ಯೂ. 1 ಅಥವಾ ವಾ.ಸಾ. 1 ಎಂದರೆ ವಾದಿ ಕಡೆಯ ಒಂದನೇ ಸಾಕ್ಷಿ. ಡಿ.ಡಬ್ಲ್ಯೂ. ಪ್ರತಿವಾದಿ ಕಡೆಯವರು. ಕ್ರಿಮಿನಲ್ ಕೇಸಿನಲ್ಲಿ ಪಿ.ಡಬ್ಲ್ಯೂ. ಎಂದರೆ ಅಭಿಯೋಜನೆಯ, ಅಂದರೆ ಸರ್ಕಾರಿ ಕಡೆಯ ಸಾಕ್ಷಿ. ನಿಶಾನೆ ಪಿ. 1 ಅಥವಾ ನಿ.ಪಿ. 1 ಎಂದರೆ ಗುರುತು ಹಾಕಿದ ದಾಖಲೆ. ಎಂ.ಒ. ಎಂದರೆ ಮಚ್ಚು, ರಕ್ತದ ಬಟ್ಟೆಯಂಥ ವಸ್ತು. ಇವುಗಳ ಪಟ್ಟಿ ತೀರ್ಪಿನ ಕೊನೆಯ ಅನುಬಂಧದಲ್ಲಿದೆ. ಆ ಪುಟವನ್ನು ಬೇರೆ ತೆಗೆದು ಪಕ್ಕದಲ್ಲಿಟ್ಟುಕೊಂಡು ಓದಿ. "ನಿ.ಪಿ. 7ರ ಪ್ರಕಾರ" ಎಂದಾಗ ಅದು ಪಹಣಿಯೋ ಕ್ರಯಪತ್ರವೋ ಎಂದು ತಕ್ಷಣ ಗೊತ್ತಾಗುತ್ತದೆ.

ಒಂದು ಸಾಕ್ಷಿ "ಪ್ರತಿಕೂಲ" ಎಂದು ಬರೆದಿದ್ದರೆ ತನ್ನನ್ನು ಕರೆಸಿದವರ ವಿರುದ್ಧವೇ ಆತ ಮಾತಾಡಿದ್ದಾನೆ. ಹಾಗೆಂದು ಅವನ ಸಾಕ್ಷ್ಯವೆಲ್ಲ ಕಸದ ಬುಟ್ಟಿಗೆ ಹೋಗುವುದಿಲ್ಲ, ನಂಬಬಹುದಾದ ಭಾಗವನ್ನು ಕೋರ್ಟು ಉಳಿಸಿಕೊಳ್ಳಬಹುದು. "ಪ್ರತಿಕೂಲ ಊಹೆ" ಎನ್ನುವುದು ಬೇರೆ. ನಿಮ್ಮ ಬಳಿ ಇದ್ದ ದಾಖಲೆಯನ್ನು ತೋರಿಸಲಿಲ್ಲ, ತೋರಿಸಿದ್ದರೆ ಅದು ನಿಮ್ಮ ವಿರುದ್ಧವೇ ಇರುತ್ತಿತ್ತು ಎಂದು ಕೋರ್ಟು ಭಾವಿಸುವುದು.

ಹೆಜ್ಜೆ 5: ಆಸ್ತಿ ಕೇಸಾದರೆ ಈ ಪದಗಳ ಮೇಲೆ ನಿಲ್ಲಿ

ಪಾಲಿನ ದಾವೆಯಲ್ಲಿ ಅಕ್ಕ ಗೆದ್ದಳು ಎಂದಿಟ್ಟುಕೊಳ್ಳಿ. ಆದೇಶದಲ್ಲಿ "ಪ್ರಾಥಮಿಕ ಡಿಕ್ರಿ" ಎಂದಿರುತ್ತದೆ. ಅಂದರೆ ಆಕೆಗೆ ಅರ್ಧ ಪಾಲು ಇದೆ ಎಂದು ಘೋಷಣೆಯಾಗಿದೆ. ಯಾವ ಅರ್ಧ, ಬಾವಿ ಇರುವ ಕಡೆಯೋ ಕಲ್ಲು ಇರುವ ಕಡೆಯೋ, ಎಂದು ಇನ್ನೂ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು "ಅಂತಿಮ ಡಿಕ್ರಿ" ಪ್ರಕ್ರಿಯೆ, ಕೋರ್ಟಿನ ಭಾಷೆಯಲ್ಲಿ ಎಫ್‌ಡಿಪಿ. ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಮೂಲಕ ಅಳತೆ, ಹಂಚಿಕೆ. ಮನೆಯಾದರೆ ಕೋರ್ಟು ನೇಮಿಸಿದ ಕಮಿಷನರ್ ಬಂದು ವರದಿ ಕೊಡುತ್ತಾರೆ. ಎಷ್ಟೋ ಮಂದಿ ಪ್ರಾಥಮಿಕ ಡಿಕ್ರಿಯನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಕಾಯುತ್ತಾರೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ಪ್ರಾಥಮಿಕ ಡಿಕ್ರಿ ಆದ ಮೇಲೆ ಬೇರೆ ಅರ್ಜಿಗೆ ಕಾಯದೆ ವಿಚಾರಣಾ ಕೋರ್ಟುಗಳೇ ಅಂತಿಮ ಡಿಕ್ರಿಗೆ ದಿನ ಗೊತ್ತುಮಾಡಬೇಕು ಎಂದು ಹೇಳಿತು. ಆದರೂ ವಕೀಲರಲ್ಲಿ ವಿಚಾರಿಸುತ್ತಿರಿ.

ಅಂತಿಮ ಡಿಕ್ರಿಯನ್ನೂ ಎದುರಿನವರು ಪಾಲಿಸದಿದ್ದರೆ "ಅಮಲ್ಜಾರಿ" ಅರ್ಜಿ. ಇದಕ್ಕೆ ಸಾಮಾನ್ಯವಾಗಿ 12 ವರ್ಷದ ಅವಧಿ ಇದೆ. ಕಟ್ಟಿದ ಗೋಡೆ ಕೆಡವಿ ಎಂಬಂಥ ಕಡ್ಡಾಯ ನಿರ್ಬಂಧಕಾಜ್ಞೆಯಾದರೆ 3 ವರ್ಷ ಮಾತ್ರ.

ಹೆಣ್ಣುಮಕ್ಕಳ ಪಾಲಿನ ತೀರ್ಪುಗಳಲ್ಲಿ 9-9-2005 ಎಂಬ ದಿನಾಂಕ ಕಾಣುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಅದಕ್ಕೂ ಮೊದಲೇ, 1994ರಲ್ಲಿ, ಕರ್ನಾಟಕ ತನ್ನದೇ ತಿದ್ದುಪಡಿ ತಂದಿತ್ತು. ಆದರೆ ಆ ಹೊತ್ತಿಗಾಗಲೇ ಮದುವೆಯಾದವರಿಗೆ ಅದು ಅನ್ವಯಿಸಲಿಲ್ಲ.

ಇನ್ನು "ಸ್ಟೇ". ಊರಲ್ಲಿ ಎಲ್ಲಕ್ಕೂ ಸ್ಟೇ ಎನ್ನುತ್ತಾರೆ. ಕೋರ್ಟಿನಲ್ಲಿ ಮೂರು ಬೇರೆ ಬೇರೆ ಆದೇಶಗಳಿವೆ. ನಿರ್ಬಂಧಕಾಜ್ಞೆ ಒಬ್ಬ ವ್ಯಕ್ತಿಯ ಮೇಲೆ: ನೀನು ಈ ಜಮೀನಿಗೆ ಕಾಲಿಡಬೇಡ. ತಡೆಯಾಜ್ಞೆ ಒಂದು ಆದೇಶದ ಮೇಲೆ ಅಥವಾ ನಡೆಯುತ್ತಿರುವ ಪ್ರಕ್ರಿಯೆಯ ಮೇಲೆ: ಕೆಳ ಕೋರ್ಟಿನ ಡಿಕ್ರಿ ಸದ್ಯಕ್ಕೆ ಜಾರಿಯಾಗದಿರಲಿ. ಯಥಾಸ್ಥಿತಿ ಇಬ್ಬರ ಮೇಲೂ: ಇಂದು ಹೇಗಿದೆಯೋ ಹಾಗೇ ಇರಲಿ, ಯಾರೂ ಏನೂ ಬದಲಿಸಬೇಡಿ. ಯಥಾಸ್ಥಿತಿ ಆದೇಶ ಬಂದರೆ ಅದು ಸ್ವಾಧೀನಕ್ಕೋ, ದಾಖಲೆಗೋ, ಕಟ್ಟಡಕ್ಕೋ ಎಂದು ವಕೀಲರನ್ನು ಕೇಳಿ ಸ್ಪಷ್ಟಮಾಡಿಕೊಳ್ಳಿ. ಅದು ಸ್ಪಷ್ಟವಿಲ್ಲದಿದ್ದರೆ ಹೊಡೆದಾಟ ಗ್ಯಾರಂಟಿ.

ತಾತ್ಕಾಲಿಕ ನಿರ್ಬಂಧಕಾಜ್ಞೆಯ ಆದೇಶದಲ್ಲಿ ಮೂರು ಮಾತು ತಪ್ಪದೆ ಬರುತ್ತವೆ: ಮೇಲ್ನೋಟದ ಪ್ರಕರಣ, ಅನುಕೂಲತೆಯ ಸಮತೋಲನ (ಆದೇಶ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ ಎಂಬ ತೂಕ), ತುಂಬಲಾರದ ನಷ್ಟ. ಅರ್ಜಿ ಮಾನ್ಯವಾಗಲು ಮೂರೂ ಬೇಕು.

ಮೇಲ್ಮನವಿ ಹಾಕಿದ್ದೇವೆ, ಆದ್ದರಿಂದ ಡಿಕ್ರಿ ನಿಂತಿದೆ ಎಂದು ನಂಬಿ ಕೂತವರು ತುಂಬಾ ಜನ. ಹಾಗಿಲ್ಲ. ಮೇಲ್ಮನವಿ ಹಾಕಿದ ಮಾತ್ರಕ್ಕೆ ಡಿಕ್ರಿ ತಡೆಯಾಗುವುದಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 41 ನಿಯಮ 5 ನೇರವಾಗಿ ಹೇಳುತ್ತದೆ. ತಡೆಯಾಜ್ಞೆಗೆ ಪ್ರತ್ಯೇಕ ಐ.ಎ. ಹಾಕಿ, ಆದೇಶ ಪಡೆಯಬೇಕು.

ಹೆಜ್ಜೆ 6: ಕ್ರಿಮಿನಲ್ ತೀರ್ಪಾದರೆ

ಇಲ್ಲಿಯ ಪದಗಳನ್ನು ಕಲಿಯಲು ಒಂದು ಪ್ರಸಿದ್ಧ ಪ್ರಕರಣವೇ ಸಾಕು. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಚೆನ್ನೈನಿಂದ ಬೆಂಗಳೂರಿಗೆ "ವರ್ಗಾಯಿಸಿತು". 27 ಸೆಪ್ಟೆಂಬರ್ 2014ರಂದು ಬೆಂಗಳೂರಿನ ವಿಶೇಷ ಕೋರ್ಟು ಜಯಲಲಿತಾ ಸೇರಿ ನಾಲ್ವರು ಆರೋಪಿಗಳನ್ನೂ "ದೋಷಿಗಳು" ಎಂದು ತೀರ್ಮಾನಿಸಿತು. 4 ವರ್ಷ ಸೆರೆವಾಸ, ಜಯಲಲಿತಾ ಅವರಿಗೆ 100 ಕೋಟಿ ರೂಪಾಯಿ, ಉಳಿದ ಮೂವರಿಗೆ ತಲಾ 10 ಕೋಟಿ ದಂಡ. ಮುಂದಿನ ತಿಂಗಳು ಸುಪ್ರೀಂ ಕೋರ್ಟ್ ಶಿಕ್ಷೆಯನ್ನು "ಅಮಾನತಿನಲ್ಲಿ" ಇಟ್ಟು ಜಾಮೀನು ಕೊಟ್ಟಿತು. ಶಿಕ್ಷೆ ಅಮಾನತಾದರೆ ಜೈಲಿಂದ ಹೊರಬರಬಹುದು, ದೋಷಿ ಎಂಬ ತೀರ್ಮಾನ ಹಾಗೇ ಇರುತ್ತದೆ. 11 ಮೇ 2015ರಂದು ಕರ್ನಾಟಕ ಹೈಕೋರ್ಟ್ ಆರೋಪಿಗಳ ಮೇಲ್ಮನವಿ "ಪುರಸ್ಕರಿಸಿ" ಎಲ್ಲರನ್ನೂ "ಖುಲಾಸೆ" ಮಾಡಿತು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 14 ಫೆಬ್ರವರಿ 2017ರಂದು ಸುಪ್ರೀಂ ಕೋರ್ಟ್ ಹೈಕೋರ್ಟ್ ತೀರ್ಪನ್ನು "ರದ್ದುಪಡಿಸಿ" ವಿಶೇಷ ಕೋರ್ಟಿನ ತೀರ್ಪನ್ನು "ಪುನಃಸ್ಥಾಪಿಸಿತು". ಅಷ್ಟರಲ್ಲಿ, ಡಿಸೆಂಬರ್ 2016ರಲ್ಲಿ, ಜಯಲಲಿತಾ ತೀರಿಕೊಂಡಿದ್ದರು. ಹಾಗಾಗಿ ಅವರ ಮಟ್ಟಿಗೆ ಮೇಲ್ಮನವಿ "ಅಬೇಟ್" ಆಯಿತು. ಉಳಿದ ಮೂವರು ಪರಪ್ಪನ ಅಗ್ರಹಾರಕ್ಕೆ ಹೋದರು.

2015ರಲ್ಲಿ ಮೇಲ್ಮನವಿ ಫಲಿಸಿದಾಗ ಆರೋಪಿಗಳು ಗೆದ್ದರು, 2017ರಲ್ಲಿ ಫಲಿಸಿದಾಗ ಸೋತರು. ಮೇಲ್ಮನವಿ ಹಾಕಿದ್ದು ಯಾರು ಎಂಬ ಪ್ರಶ್ನೆಯನ್ನು ಮೊದಲೇ ಕೇಳಿ ಎಂದಿದ್ದು ಇದಕ್ಕೇ.

ಆರೋಪಿ ಪಾರಾಗುವುದು ಮೂರು ಹಂತದಲ್ಲಿ. "ಪ್ರಕರಣ ರದ್ದು", ಅಂದರೆ ಕ್ವಾಶ್, ಹೈಕೋರ್ಟ್ ಕೇಸನ್ನೇ ಬುಡದಲ್ಲಿ ಕಿತ್ತುಹಾಕಿದ್ದು. "ಡಿಸ್ಚಾರ್ಜ್", ವಿಚಾರಣೆ ಶುರುವಾಗುವ ಮೊದಲು ಆರೋಪ ಹೊರಿಸಲು ಆಧಾರವಿಲ್ಲ ಎಂದು ಬಿಟ್ಟದ್ದು. "ಖುಲಾಸೆ", ವಿಚಾರಣೆ ಮುಗಿದು ಬಿಟ್ಟದ್ದು. ಖುಲಾಸೆ ತೀರ್ಪಿನಲ್ಲಿ "ಸಂಶಯದ ಲಾಭ ನೀಡಿ" ಎಂದಿದ್ದರೆ ಅಭಿಯೋಜನೆ ಸಂಶಯಾತೀತವಾಗಿ ಸಾಬೀತುಪಡಿಸಲಿಲ್ಲ ಎಂದರ್ಥ. ಜಾಮೀನು ಇವ್ಯಾವುದೂ ಅಲ್ಲ, ಬರೀ ಹೊರಗಿರಲು ಅನುಮತಿ.

ಶಿಕ್ಷೆಯ ಸಾಲಿನಲ್ಲಿ "ಏಕಕಾಲದಲ್ಲಿ ಜಾರಿಯಾಗತಕ್ಕದ್ದು" ಎಂದಿದ್ದರೆ 3 ವರ್ಷ ಮತ್ತು 2 ವರ್ಷದ ಶಿಕ್ಷೆಗಳು ಜೊತೆಜೊತೆಗೆ ಓಡಿ ಒಟ್ಟು 3 ವರ್ಷ. "ಒಂದಾದ ಮೇಲೊಂದು" ಎಂದಿದ್ದರೆ 5. "ಸೆಟ್ ಆಫ್" ಎಂದರೆ ವಿಚಾರಣೆ ಕಾಲದಲ್ಲಿ ಜೈಲಿನಲ್ಲಿ ಕಳೆದ ದಿನಗಳನ್ನು ಶಿಕ್ಷೆಯಿಂದ ಕಳೆಯುವುದು. "ದಂಡ ತೆರಲು ತಪ್ಪಿದಲ್ಲಿ" ಎಂಬುದರ ಮುಂದಿನ ಅವಧಿ, ದಂಡ ಕಟ್ಟದಿದ್ದರೆ ಹೆಚ್ಚುವರಿ ಸೆರೆವಾಸ.

ಕಲಂ ಸಂಖ್ಯೆಗಳಲ್ಲಿ ಈಗ ಹೊಸ ತಲೆನೋವು ಇದೆ. 1 ಜುಲೈ 2024ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಅದಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಇನ್ನೂ ಐಪಿಸಿಯೇ ಅನ್ವಯ. ಕೊಲೆಗೆ 302 ಇದ್ದದ್ದು ಈಗ 103. ಎಲ್ಲರ ಬಾಯಲ್ಲಿದ್ದ 420 ಈಗ 318(4). ಎಡವುವ ಜಾಗ 482. ಹಳೆಯ ಸಿಆರ್‌ಪಿಸಿಯ 482 ಎಂದರೆ ಕೇಸು ರದ್ದುಪಡಿಸಲು ಹೈಕೋರ್ಟಿಗೆ ಹೋಗುವ ದಾರಿ. ಹೊಸ ಸಂಹಿತೆಯ 482 ಎಂದರೆ ನಿರೀಕ್ಷಣಾ ಜಾಮೀನು. ಸಂಖ್ಯೆಯ ಜೊತೆ ಕಾಯ್ದೆಯ ಹೆಸರನ್ನೂ ಓದಿ.

ಹೆಜ್ಜೆ 7: ಬೇರೆ ತೀರ್ಪುಗಳ ಉಲ್ಲೇಖ ಬಂದಾಗ

ತೀರ್ಪಿನೊಳಗೆ ಹಳೆಯ ತೀರ್ಪುಗಳ ವಿಳಾಸ ಇರುತ್ತದೆ. (1994) 3 ಎಸ್‌ಸಿಸಿ 1 ಎಂದರೆ ಎಸ್‌ಸಿಸಿ ಎಂಬ ವರದಿ ಸರಣಿಯ 1994ರ ಮೂರನೇ ಸಂಪುಟ, ಒಂದನೇ ಪುಟ. ಅದು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣ. ಈಗ ಕರ್ನಾಟಕ ಹೈಕೋರ್ಟಿನ ತೀರ್ಪುಗಳ ಮೇಲೆ ಎನ್‌ಸಿ (ನ್ಯೂಟ್ರಲ್ ಸೈಟೇಶನ್, ಅಂದರೆ ಕೋರ್ಟೇ ತೀರ್ಪಿಗೆ ಕೊಟ್ಟ ಗುರುತು) ಎಂದು ಆರಂಭವಾಗುವ ಸಂಖ್ಯೆ ಇರುತ್ತದೆ. ಅದರಲ್ಲಿ ಕೆಎಚ್‌ಸಿ (ಕರ್ನಾಟಕ ಹೈಕೋರ್ಟ್) ಎಂಬ ಅಕ್ಷರಗಳಾದ ಮೇಲೆ ಡಿ ಇದ್ದರೆ ಧಾರವಾಡ ಪೀಠ, ಕೆ ಇದ್ದರೆ ಕಲಬುರಗಿ.

ಹಳೆಯ ತೀರ್ಪಿನಲ್ಲಿ ಮುಂದಿನವರನ್ನು ಕಟ್ಟಿಹಾಕುವ ಭಾಗಕ್ಕೆ ರೇಶಿಯೋ ಎನ್ನುತ್ತಾರೆ. ದಾರಿಯಲ್ಲಿ ಹೇಳಿಹೋದ ಮಾತಿಗೆ ಒಬಿಟರ್. ಬೊಮ್ಮಾಯಿ ಪ್ರಕರಣದಲ್ಲಿ ಸರ್ಕಾರದ ಬಹುಮತ ಸದನದಲ್ಲಿ ಪರೀಕ್ಷೆಯಾಗಬೇಕೇ ಹೊರತು ರಾಜ್ಯಪಾಲರ ಅಭಿಪ್ರಾಯದಲ್ಲಿ ಅಲ್ಲ ಎಂದದ್ದನ್ನು ಮುಂದಿನ ಕೋರ್ಟುಗಳು ಮತ್ತೆ ಮತ್ತೆ ಅನುಸರಿಸಿವೆ. "ಆ ತೀರ್ಪು ಈ ಪ್ರಕರಣದ ಸಂಗತಿಗಳಿಗೆ ಅನ್ವಯಿಸುವುದಿಲ್ಲ" ಎಂದು ಬರೆದಿದ್ದರೆ ಹಳೆಯ ತೀರ್ಪು ತಪ್ಪು ಎಂದಲ್ಲ, ನಿಮ್ಮ ಕಥೆ ಬೇರೆ ಎಂದು.

ರಿವರ್ಸ್ ಮತ್ತು ಓವರ್‌ರೂಲ್ ಎರಡನ್ನೂ ಪತ್ರಿಕೆಗಳು "ರದ್ದು" ಎಂದೇ ಬರೆಯುತ್ತವೆ. ರಿವರ್ಸ್ ಅದೇ ಕೇಸಿನ ಮೇಲ್ಮನವಿಯಲ್ಲಿ ಆಗುವುದು. ಓವರ್‌ರೂಲ್ ಮುಂದೆಂದೋ ಬೇರೆಯವರ ಕೇಸಿನಲ್ಲಿ ಆಗುವುದು. ಕರ್ನಾಟಕದಿಂದ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, 9-9-2005ರಂದು ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹೊಸ ತಿದ್ದುಪಡಿಯ ಹಕ್ಕು ಎಂದಿತ್ತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಓವರ್‌ರೂಲ್ ಮಾಡಿ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಿಲ್ಲ ಎಂದಿತು. ನಿಮ್ಮ ಕೇಸಿನಲ್ಲಿ ಕೆಳ ಕೋರ್ಟು 2018ರಲ್ಲಿ ಫೂಲವತಿ ತೀರ್ಪನ್ನು ನಂಬಿ ಮಗಳ ದಾವೆ ವಜಾ ಮಾಡಿ, ಮೇಲ್ಮನವಿ ಇನ್ನೂ ಬಾಕಿ ಇದ್ದರೆ, ವಕೀಲರನ್ನು ಕಾಣಲು ಅದೊಂದೇ ಕಾರಣ ಸಾಕು.

ಇಬ್ಬರು ನ್ಯಾಯಮೂರ್ತಿಗಳು ಎರಡು ಕಡೆ ಹೋದರೆ ಭಿನ್ನ ತೀರ್ಪು. ಹಿಜಾಬ್ ಪ್ರಕರಣದಲ್ಲಿ 13 ಅಕ್ಟೋಬರ್ 2022ರಂದು ಸುಪ್ರೀಂ ಕೋರ್ಟಿನಲ್ಲಿ ಹೀಗಾಯಿತು. ಒಬ್ಬರು ಮೇಲ್ಮನವಿಗಳನ್ನು ವಜಾ ಮಾಡಿದರು, ಇನ್ನೊಬ್ಬರು ಪುರಸ್ಕರಿಸಿದರು. ವಿಷಯ ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳ ಮುಂದೆ ಹೋಯಿತು, ಹೈಕೋರ್ಟಿನ ತೀರ್ಪು ರದ್ದಾಗಲಿಲ್ಲ.

ಹೆಜ್ಜೆ 8: ದಿನ ಎಣಿಸಿ

ಸಿವಿಲ್ ಡಿಕ್ರಿಯ ಮೇಲೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ 30 ದಿನ, ಹೈಕೋರ್ಟಿಗೆ 90 ದಿನ. ಕ್ರಿಮಿನಲ್ ಶಿಕ್ಷೆಯ ಮೇಲೆ ಮ್ಯಾಜಿಸ್ಟ್ರೇಟರಿಂದ ಸೆಷನ್ಸ್ ಕೋರ್ಟಿಗೆ 30, ಸೆಷನ್ಸ್‌ನಿಂದ ಹೈಕೋರ್ಟಿಗೆ 60. ಮರಣದಂಡನೆಯಾದರೆ 30. ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿಗೆ ಸಾಮಾನ್ಯವಾಗಿ 90. ಕೌಟುಂಬಿಕ ಮತ್ತು ವಾಣಿಜ್ಯ ಪ್ರಕರಣಗಳ ಲೆಕ್ಕ ಬೇರೆ. ನಿಮ್ಮ ಬೆನ್ನ ಹಿಂದೆ "ಏಕಪಕ್ಷೀಯ ಡಿಕ್ರಿ" ಆಗಿದ್ದರೆ ಅದನ್ನು ತೆಗೆಸಲು ಅದೇ ಕೋರ್ಟಿಗೆ 30 ದಿನದಲ್ಲಿ ಹೋಗಬಹುದು. ಸಮನ್ಸ್ ಸರಿಯಾಗಿ ತಲುಪಿರದಿದ್ದರೆ ಆ 30 ದಿನ ಶುರುವಾಗುವುದು ಡಿಕ್ರಿಯ ವಿಷಯ ತಿಳಿದ ದಿನದಿಂದ.

ಅವಧಿ ಮೀರಿದ್ದರೆ "ವಿಳಂಬ ಮನ್ನಾ" ಅರ್ಜಿ. ಪ್ರತಿ ದಿನದ ತಡಕ್ಕೂ ನಂಬುವಂಥ ಕಾರಣ ಬೇಕು. ಆಸ್ಪತ್ರೆಯ ಚೀಟಿ, ಊರಲ್ಲಿ ಇರಲಿಲ್ಲ ಎನ್ನಲು ಟಿಕೆಟ್, ಏನಿದ್ದರೂ ಎತ್ತಿಟ್ಟುಕೊಳ್ಳಿ.

ಇಷ್ಟು ಓದಿದ ಮೇಲೆ ವಕೀಲರ ಬಳಿ ಹೋಗಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೋಗುವಾಗ ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು, ಹೆಜ್ಜೆ 2ರಲ್ಲಿ ಬರೆದ ಹೆಸರುಗಳ ಪಟ್ಟಿ, ಅನುಬಂಧದಲ್ಲಿರುವ ದಾಖಲೆಗಳಲ್ಲಿ ನಿಮ್ಮ ಬಳಿ ಇರುವವು, ಆಧಾರ್ ಪ್ರತಿ ಒಯ್ಯಿರಿ. ಅರ್ಥವಾಗದ ಸಾಲುಗಳ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟಿದ್ದರೆ ಮಾತು ಅಲ್ಲಿಂದಲೇ ಶುರುಮಾಡಬಹುದು.